ಗರಗಸಗಳ ಶ್ರುತಿಯಣ್ಣ

ಅವನ ಶೆಡ್ಡಿಗೆ ಮೊದಲ ಸಲ ಬಂದವರು ಒಬ್ಬ ಹೆಂಗಸನ್ನು ಹುಡುಕುತ್ತಿದ್ದರು.

"ಗರಗಸ ರಿಪೇರಿ ಮಾಡೋ ಶ್ರುತಿ ಅಂದ್ರೆ ಯಾರು?" ಎಂದು ಕೇಳಿದರೆ, ಬೆಂಚಿನ ಹಿಂದಿನಿಂದ ಮೊಣಕೈವರೆಗೆ ಎಣ್ಣೆ ಮೆತ್ತಿದ, ಮೀಸೆ ಅರ್ಧ ನರೆತ ದಪ್ಪ ಆಳೊಬ್ಬ ಏಳುತ್ತಿದ್ದ. "ನಾನೇ. ಬಳೆ ಕೆಲಸಕ್ಕೆ ಅಡ್ಡ ಅಂತ ಬಿಚ್ಚಿಟ್ಟಿದೀನಿ. ಏನಾಗ್ಬೇಕು ಹೇಳಿ."

ಬಂದವರು ನಗುವ ಹೊತ್ತಿಗೆ ಗರಗಸ ಅವರ ಕೈಯಿಂದ ಅವನ ಕೈಗೆ ಹೋಗಿರುತ್ತಿತ್ತು. ಅವನು ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಒಂದು ಕಡೆಗೆ ವಾಲಿಸಿ, ಅಲ್ಲಾಡಿಸಿ, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, "ಇದಕ್ಕೆ ನೀವು ಕುಡಿಸ್ತಿರೋದು ಹಳೇ ಪೆಟ್ರೋಲು" ಎಂದೋ, "ಇದರ ಹಲ್ಲನ್ನ ಯಾರೋ ಸಿಟ್ಟಲ್ಲಿ ಉಜ್ಜಿದಾರೆ" ಎಂದೋ ಹೇಳುತ್ತಿದ್ದ. ಅವನು ಹೋದ ಮೇಲೆ ಅವನನ್ನು ನೆನೆಯುವವರು ಮೊದಲು ಹೇಳುವುದು ಆ ಮೂಸುವುದನ್ನೇ. ಆಮೇಲೆ ಅವನ ಕಿವಿಯ ಮಾತು ಬರುತ್ತದೆ. ಅಲ್ಲಿಗೆ ಮಾತು ನಿಂತುಹೋಗುತ್ತದೆ.

ಶ್ರುತಿಯಣ್ಣ ಎಂಬ ಹೆಸರು ಬಂದದ್ದೇ ಕಿವಿಯಿಂದ. ಚೈನ್ ಗರಗಸಗಳ ವೇಗ ಹೆಚ್ಚಿಸುವುದು ಅವನ ಕಸುಬು. ಮರ ಕಡಿಯುವವರು, ಸೌದೆ ಡಿಪೋದವರು, ತೊಲೆ ಸೀಳುವ ಬಡಗಿಗಳು ಹೊಸ ಗರಗಸ ಕೊಂಡರೆ ನೇರ ಅವನ ಹತ್ತಿರ ತರುತ್ತಿದ್ದರು. "ಕಂಪನಿಯವರು ಹುಲಿ ಮಾಡ್ತಾರೆ, ಆಮೇಲೆ ಬಾಯಿಗೆ ಬಟ್ಟೆ ಕಟ್ಟಿ ಕಳಿಸ್ತಾರೆ" ಎನ್ನುತ್ತಿದ್ದ. "ನಾನು ಬಟ್ಟೆ ಬಿಚ್ತೀನಿ, ಅಷ್ಟೆ." ಬಟ್ಟೆ ಬಿಚ್ಚುವುದೆಂದರೆ ಸೈಲೆನ್ಸರಿನ ಡಬ್ಬಿಯನ್ನು ತೆರೆದು, ಹೊಗೆ ಹೋಗುವ ಕಿಂಡಿಯನ್ನು ಹೆಬ್ಬೆರಳು ತೂರುವಷ್ಟು ಕೊರೆದು, ಅಂಚನ್ನು ಅರದಿಂದ ನುಣ್ಣಗೆ ಮಾಡುವುದು. ಸಿಲಿಂಡರಿನ ಕೆಳಗಿನ ತೆಳು ಗ್ಯಾಸ್ಕೆಟ್ ತೆಗೆದು ಒತ್ತಡ ಏರಿಸುವುದು. ಗಾಳಿ ಬರುವ, ಹೊಗೆ ಹೋಗುವ ದಾರಿಗಳ ಒರಟನ್ನು ಸಣ್ಣ ಕಲ್ಲಿನಿಂದ ತಿಕ್ಕಿ ಕನ್ನಡಿ ಮಾಡುವುದು. ಸರಪಳಿಯ ಹಲ್ಲುಗಳನ್ನು ಒಂದೊಂದಾಗಿ ಒಂದೇ ಓರೆಗೆ ಮಸೆಯುವುದು. ಇಷ್ಟನ್ನು ಕೈ ಕುದುರಿದ ಯಾರಾದರೂ ಮಾಡಬಹುದಿತ್ತು, ಮಾಡುತ್ತಲೂ ಇದ್ದರು.

ಅವನದೇ ಅನ್ನುವಂಥದು ಇದ್ದದ್ದು ಕೊನೆಯಲ್ಲಿ. ಹೊಗೆಯ ದಾರಿ ದೊಡ್ಡದಾದ ಗರಗಸಕ್ಕೆ ಪೆಟ್ರೋಲು ಹೆಚ್ಚು ಬೇಕು. ಆ ಪೆಟ್ರೋಲಿನಲ್ಲೇ ಎಣ್ಣೆ ಬೆರೆತಿರುವುದರಿಂದ ಪಿಸ್ಟನ್ನಿಗೆ ಅದೇ ಊಟ, ಅದೇ ನೀರು. ಎಷ್ಟು ಬೇಕೋ ಅಷ್ಟು ಕೊಡುವುದು ಕಾರ್ಬುರೇಟರಿನ ಪಕ್ಕದ ಒಂದು ಪುಟ್ಟ ತಿರುಪು. ಹೆಚ್ಚು ಬಿಚ್ಚಿದರೆ ಗರಗಸ ಕೆಮ್ಮುತ್ತ ಸೋಮಾರಿಯಾಗುತ್ತದೆ. ಹೆಚ್ಚು ಮುಚ್ಚಿದರೆ ಬಾಯಾರಿ, ಕಾದು, ಒಳಗೇ ಸುಟ್ಟು ಕಚ್ಚಿಕೊಂಡು ನಿಲ್ಲುತ್ತದೆ. ನಡುವಿನ ಜಾಗ ಕೂದಲೆಳೆಯಷ್ಟು. ಅದನ್ನು ಅವನು ಕಿವಿಯಲ್ಲಿ ಹಿಡಿಯುತ್ತಿದ್ದ. ಗರಗಸವನ್ನು ಅಂಗಳಕ್ಕೆ ಒಯ್ದು, ಕಣ್ಣು ಮುಚ್ಚಿ, ತಲೆ ಬಲಕ್ಕೆ ವಾಲಿಸಿ ಪೂರ್ತಿ ವೇಗ ಕೊಡುತ್ತಿದ್ದ. ಸರಿಯಾದ ಗರಗಸ ಗಾಳಿಯಲ್ಲಿ ಓಡುವಾಗ ಗಂಟಲಲ್ಲಿ ಕಫ ಕಟ್ಟಿದ ಹಾಗೆ ಸಣ್ಣಗೆ ಗೊರಗೊರ ಅನ್ನಬೇಕು. ಹಲ್ಲು ಮರಕ್ಕೆ ಇಳಿದ ಕ್ಷಣ ಗಂಟಲು ತೆರೆದುಕೊಳ್ಳಬೇಕು. ಗೊರಗೊರ ಇಲ್ಲದೆ ಶುದ್ಧ ಸೀಟಿಯ ಹಾಗೆ ಕೂಗುವ ಗರಗಸವನ್ನು ಕೇಳಿ ಹೊಸಬರು ಹಿಗ್ಗುತ್ತಾರೆ. "ಅದು ಹಾಡಲ್ಲ, ಅಳು" ಎಂದು ಅವನು ತಿರುಪನ್ನು ಒಂದಿಷ್ಟು ಬಿಚ್ಚುತ್ತಿದ್ದ.

ಪೇಟೆಯ ಅಂಗಡಿಯವನು ವೇಗ ಅಳೆಯುವ ಮೀಟರನ್ನು ಒಮ್ಮೆ ಕೊಟ್ಟು ಹೋಗಿದ್ದ. ಅದು ಡ್ರಾಯರಿನಲ್ಲಿ ಮುರಿದ ಪ್ಲಗ್ಗುಗಳ ಜೊತೆ ಬಿದ್ದಿತ್ತು. ಕಿವಿಗೆ ಮುಚ್ಚಳವನ್ನೂ ಅವನು ಎಂದೂ ಹಾಕಿಕೊಂಡವನಲ್ಲ. "ಅದನ್ನ ಹಾಕ್ಕೊಂಡು ಶ್ರುತಿ ಮಾಡೋದು, ಕೈಗವಸು ತೊಟ್ಕೊಂಡು ಸೂಜಿಗೆ ದಾರ ಪೋಣಿಸೋದು, ಎರಡೂ ಒಂದೇ."

ಹೀಗೆ ಬಹಳ ವರ್ಷ. ತಾನೇ ಬಾಯಿ ಬಿಡಿಸಿದ ಹುಲಿಗಳ ಮುಂದೆ ತಾನೇ ಬರಿಗಿವಿಯಲ್ಲಿ ನಿಂತು.

ಮೊದಲು ಹೋದದ್ದು ಅಡುಗೆಮನೆಯ ಸದ್ದು. ಹೆಂಡತಿ ಕೆಲಸದಿಂದ ಬಂದು, "ಕುಕ್ಕರ್ ಅಷ್ಟು ಸಲ ಕೂಗಿದೆ, ಪಕ್ಕದ ಮನೆಯವರು ಬಂದು ಆರಿಸಿ ಹೋಗಿದಾರೆ. ನೀವು ಇಲ್ಲೇ ಪೇಪರ್ ಹಿಡ್ಕೊಂಡು ಕೂತಿದೀರಿ" ಎಂದಳು. ಅವನು, "ಪೇಪರಲ್ಲಿ ಅಂಥಾ ಸುದ್ದಿ ಇತ್ತು" ಎಂದ. ಆಮೇಲೆ ಫೋನಿನ ಗಂಟೆ ಹೋಯಿತು. ಆಮೇಲೆ ಅಣ್ಣನ ಮಗಳ ಮಾತು. ಅವಳದು ತೆಳು ದನಿ, ಅವಳು ಮಾತಾಡಿದರೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವನು ನಗುವ ಜಾಗ ಊಹಿಸಿ ನಗುತ್ತಿದ್ದ. ಒಮ್ಮೆ ಅವಳು ಗಂಡನ ಕಾಯಿಲೆಯ ವಿಷಯ ಹೇಳುತ್ತಿದ್ದಾಗ ನಕ್ಕುಬಿಟ್ಟ. ಅವಳು ಆಮೇಲೆ ಆ ಮನೆಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅವನು ಹೆಂಡತಿಯನ್ನು ಕೇಳಿದಾಗ, ಹೆಂಡತಿ ಪಾತ್ರೆ ತೊಳೆಯಲು ಹೋದಳು.

ಆದರೆ ಗರಗಸ ಕೇಳುತ್ತದೆ ಎಂದೇ ಅವನು ನಂಬಿದ್ದ. ಅದು ಜೋರಾಗಿ ಕೇಳುತ್ತಿತ್ತು ಕೂಡ. ಅವನಿಗೆ ಕೇಳಿಸದೆ ಹೋದದ್ದು ಸದ್ದಿನ ಮೇಲಿನ ತುದಿ, ಆ ಸೀಟಿ ಇರುವ ಜಾಗ. ಉಳಿದ ಸದ್ದು ಕಂಬಳಿ ಹೊದ್ದವನ ಮಾತಿನಂತೆ ಮಬ್ಬಾಗಿ ಬರುತ್ತಿತ್ತು. ಮಬ್ಬು ಸದ್ದಿಗೆ ಅವನ ಕಸುಬಿನಲ್ಲಿ ಒಂದೇ ಅರ್ಥ: ಪೆಟ್ರೋಲು ಹೆಚ್ಚಾಗಿದೆ, ತಿರುಪು ಮುಚ್ಚು. ಅವನು ಮುಚ್ಚಿದ. ಇನ್ನೂ ಮಬ್ಬು. ಇನ್ನೊಂದಿಷ್ಟು ಮುಚ್ಚಿದ. ತನ್ನ ಕಿವಿಯ ರೋಗಕ್ಕೆ ಗರಗಸಗಳಿಗೆ ಔಷಧಿ ಕೊಡುತ್ತ ಹೋದ.

ಗರಗಸಗಳು ಸುಡತೊಡಗಿದವು. ಬಡಗಿಯದು ಮೊದಲು, ಆಮೇಲೆ ಸೌದೆ ಡಿಪೋದವನದು. ಪಿಸ್ಟನ್ ತೆಗೆದರೆ ಹೊಗೆಯ ಕಿಂಡಿಯ ಕಡೆಗೆ ಬೆಕ್ಕು ಪರಚಿದ ಹಾಗೆ ಗೆರೆಗಳು. ಆ ಗೆರೆ ಯಾಕೆ ಬರುತ್ತದೆ ಎಂದು ಇಡೀ ಪೇಟೆಗೆ ಹೇಳಿಕೊಟ್ಟವನು ಅವನೇ. ಈಗ ಅವನು, "ಪೆಟ್ರೋಲಿಗೆ ಎಣ್ಣೆ ಕಮ್ಮಿ ಬೆರೆಸಿದೀರಿ" ಎಂದ. ಡಿಪೋದವನು ಹೋಗಿ ತನ್ನ ಆಳುಗಳಿಗೆ ಬೈದ. ಶ್ರುತಿಯಣ್ಣ ಹೇಳಿದ ಮೇಲೆ ಹಾಗೇ ಇರಬೇಕಲ್ಲ. ಶ್ರುತಿಯಣ್ಣನೂ ಹಾಗೇ ಇರಲಿ ಎಂದು ಒಳಗೊಳಗೇ ಬೇಡಿಕೊಂಡ. ರಾತ್ರಿಯ ಊಟ ಸೇರದಾಯಿತು. ಶೆಡ್ಡಿನ ಮುಂದೆ ಯಾರಾದರೂ ಗರಗಸ ಹಿಡಿದು ನಿಂತರೆ ಮೊದಲೆಲ್ಲ ಜೀವ ಬರುತ್ತಿತ್ತು, ಈಗ ಏನೋ ಹುಡುಕುವವನ ಹಾಗೆ ಬೆಂಚಿನ ಹಿಂದೆಯೇ ಬಗ್ಗಿಕೊಳ್ಳುತ್ತಿದ್ದ. ಇದು ಬಿಟ್ಟರೆ ಅವನಿಗೆ ಇನ್ನೊಂದು ಕೆಲಸ ಗೊತ್ತಿರಲಿಲ್ಲ. ಗೊತ್ತಿದ್ದರೂ, ಕಿವಿ ಹೋದ ಶ್ರುತಿಯಣ್ಣ ಎಂದು ಯಾರ ಮುಂದೆ ನಿಲ್ಲುವುದು?

ಅವನಿಗೊಬ್ಬ ಭಾಮೈದ. ಹೆಂಡತಿಯ ತಮ್ಮ. ತಾಯಿಯಿಲ್ಲದ ಅವನನ್ನು ಅಕ್ಕ ಮದುವೆಯಾಗಿ ಬರುವಾಗ ಜೊತೆಗೇ ಕರೆದುಕೊಂಡು ಬಂದಿದ್ದಳು. "ನಾನು ಒಪ್ಕೊಂಡಿದ್ದು ಒಬ್ಬರನ್ನ, ಬಂದಿದ್ದು ಒಂದೂವರೆ" ಎಂದು ಶ್ರುತಿಯಣ್ಣ ಆಗ ಹೇಳಿದ್ದನ್ನು, ಆ ಅರ್ಧ ಬೆಳೆದು ತನಗಿಂತ ಗೇಣುದ್ದ ಎತ್ತರವಾದ ಮೇಲೂ ಹೇಳುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಅವನೇ ಮಗ. ಮರ ಕಡಿಯುವ ಕೆಲಸ ಹಿಡಿದು ಈಗ ತನ್ನದೇ ಒಂದು ತಂಡ ಕಟ್ಟಿದ್ದ.

ಆ ಸಲ ಬಿರುಗಾಳಿಗೆ ಹೊಳೆಬದಿಯ ರಸ್ತೆಯ ದೊಡ್ಡ ಮರಗಳು ಬುಡ ಸಡಿಲಾಗಿ ರಸ್ತೆಯ ಮೇಲೆ ವಾಲಿಕೊಂಡವು. ಬಸ್ಸುಗಳು ನಿಂತವು. ಕಡಿಯುವ ಕೆಲಸ ಭಾಮೈದನಿಗೆ ಬಂತು. ನೆಟ್ಟಗೆ ನಿಂತ ಮರ ಕಡಿಯುವುದು ಬೇರೆ, ವಾಲಿದ ಮರ ಬೇರೆ. ವಾಲಿದ ಮರದೊಳಗೆ ಬಿಲ್ಲಿನ ಹಾಗೆ ಬಿಗಿ ಇರುತ್ತದೆ. ಬೀಳುವ ಕಡೆಗೆ ಮೊದಲು ಬಾಯಿ ಕೊರೆದು, ಆಮೇಲೆ ಹಿಂದಿನಿಂದ ಕೊಯ್ಯುವಾಗ ಗರಗಸ ನಿಧಾನವಾದರೆ, ಇಲ್ಲವೇ ನಡುವೆ ನಿಂತರೆ, ಕೊಯ್ಲು ಮುಗಿಯುವ ಮೊದಲೇ ಮರ ಬೀಳಲು ಹೊರಟು, ಕಾಂಡ ಉದ್ದಕ್ಕೆ ಸೀಳಿ, ಸೀಳಿದ ಹಿಂಭಾಗ ಚಿಮ್ಮಿ ಕೊಯ್ಯುವವನ ಎದೆಗೋ ಗದ್ದಕ್ಕೋ ಬಡಿಯುತ್ತದೆ. ಅದರಿಂದ ಬದುಕಿದವರು ಕಡಿಮೆ. ಅದಕ್ಕೇ ವಾಲಿದ ಮರಕ್ಕೆ ವೇಗದ ಗರಗಸ ಬೇಕು.

"ಭಾವ, ದೊಡ್ಡ ಮಿಷಿನ್ನಿಗೆ ಎಷ್ಟು ಜೀವ ತುಂಬೋಕಾಗುತ್ತೋ ಅಷ್ಟು ತುಂಬು" ಎಂದ ಭಾಮೈದ.

ಅವನು ತುಂಬಿದ. ಅಷ್ಟು ಮನಸ್ಸಿಟ್ಟು ಅವನು ಇನ್ನಾವ ಗರಗಸವನ್ನೂ ಮಾಡಿರಲಿಲ್ಲ. ಸಂಜೆ ಅಂಗಳದಲ್ಲಿ ಕಣ್ಣು ಮುಚ್ಚಿ, ತಲೆ ವಾಲಿಸಿ, ತಿರುಪು ತಿರುಗಿಸಿ, ಇನ್ನೊಂದಿಷ್ಟು ತಿರುಗಿಸಿ, ಕಣ್ಣು ತೆರೆದು, "ಬೆಣ್ಣೆ" ಎಂದ.

ಭಾಮೈದ ತಲೆ ಕೆರೆದುಕೊಂಡ. "ಸ್ವಲ್ಪ ಕೀರಲು ಅನ್ಸಲ್ವಾ ಭಾವ?"

"ಏನು?"

"ಕೀರಲು. ಜಾಸ್ತಿ ಕೀಚ್ತಿದೆ ಅಂತ."

ಶ್ರುತಿಯಣ್ಣನ ಮುಖ ಕೆಂಪಾಯಿತು. "ನಿನಗೆ ಚಡ್ಡಿ ಗುಂಡಿ ಹಾಕ್ಕೊಳೋಕೆ ಬರದೇ ಇದ್ದಾಗಿಂದ ನಾನು ಇದನ್ನ ಕೇಳ್ತಿದೀನಿ. ನನಗೆ ಕಲಿಸ್ತೀಯ?"

"ಇಲ್ಲಪ್ಪ. ಕಿವಿ ನಿಂದು, ಕೈಕಾಲು ನಂದು. ನಂದು ಉಳಿದ್ರೆ ಸಾಕು" ಎಂದು ನಕ್ಕು, ಭಾಮೈದ ಗರಗಸವನ್ನು ಲಾರಿಗೆ ಹಾಕಿಕೊಂಡು ಹೋದ.

ಮಾರನೆಯ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ಸೌದೆ ಡಿಪೋದವನು ಬಂದು ನಿಂತಿದ್ದ. ಒಂದು ಕೈಯಲ್ಲಿ ಗರಗಸ, ಇನ್ನೊಂದರಲ್ಲಿ ಪೆಟ್ರೋಲಿನ ಕ್ಯಾನು.

"ಮತ್ತೆ ಕಚ್ಕೊಂಡಿದೆ" ಎಂದ.

"ಎಣ್ಣೆ ಸರಿಯಾಗಿ..."

"ಅಣ್ಣ, ಕ್ಯಾನ್ ನೋಡಿ. ನಿಮ್ಮದೇ. ಮೊನ್ನೆ ನೀವೇ ನಿಮ್ಮ ಕೈಯಾರೆ ಬೆರೆಸಿ ಕೊಟ್ಟಿದ್ದು. ಇದು ಬಿಟ್ಟು ಬೇರೆ ತೊಟ್ಟು ಹಾಕಿಲ್ಲ. ನನ್ನ ಆಳುಗಳು ಈಗ ನನ್ನ ಮುಖ ನೋಡಿ ನಗ್ತಿದಾರೆ." ಅವನ ದನಿಯಲ್ಲಿ ಜಗಳವಿರಲಿಲ್ಲ. ತಪ್ಪು ತನ್ನದೇ ಇರಬಹುದೇನೋ ಎಂಬ ಅನುಮಾನ ಇನ್ನೂ ಇತ್ತು. ಅದನ್ನು ತಡೆದುಕೊಳ್ಳುವುದು ಶ್ರುತಿಯಣ್ಣನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಅವನನ್ನು ಕಳಿಸಿ, ಕ್ಯಾನಿನ ಪೆಟ್ರೋಲನ್ನು ಮೂಸಿದ. ಸರಿಯಾಗಿತ್ತು. ಬೆರಳಲ್ಲಿ ಉಜ್ಜಿದ. ಸರಿಯಾಗಿತ್ತು. ಇನ್ನು ಹೇಳಲು ನೆಪ ಉಳಿದಿರಲಿಲ್ಲ. ಡ್ರಾಯರು ಎಳೆದು ಮೀಟರ್ ತೆಗೆದ. ಹಿಂದಿನ ವಾರ ಶ್ರುತಿ ಮಾಡಿಟ್ಟ ಗಿರಾಕಿಯೊಬ್ಬನ ಗರಗಸಕ್ಕೆ ಅದರ ತಂತಿ ಸುತ್ತಿ ಪೂರ್ತಿ ವೇಗ ಕೊಟ್ಟ. ಅಂಕಿ ಏರಿತು. ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನೂ ಏರಿತು. ಮೀಟರ್ ಕೆಟ್ಟಿದೆ ಎಂದುಕೊಂಡು ಬೆಂಚಿಗೆ ಕುಟ್ಟಿ ಮತ್ತೆ ನೋಡಿದ. ಅದೇ ಅಂಕಿ, ತಿರುಪು ತೀರಾ ಮುಚ್ಚಿದ ಗರಗಸದ್ದು.

ಶೆಡ್ಡಿನ ಹಿಂದೆಯೇ ಮನೆ. ಹೆಂಡತಿ ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. ಅವಳನ್ನು ಕೈಹಿಡಿದು ಅಂಗಳಕ್ಕೆ ಎಳೆತಂದ.

"ಇದು ಹೆಂಗೆ ಕೇಳುತ್ತೆ ಹೇಳು."

ಅವನು ಗರಗಸ ಓಡಿಸಿದ. ಅವಳು ಬಾಚಣಿಗೆ ಹಿಡಿದ ಕೈಯಿಂದಲೇ ಕಿವಿ ಮುಚ್ಚಿಕೊಂಡಳು. ನಿಲ್ಲಿಸಿದ ಮೇಲೆ, "ಸೀಟಿ ಹೊಡೆದ ಹಾಗೆ" ಎಂದಳು.

"ಗೊರಗೊರ ಇಲ್ವಾ?"

"ಎಲ್ಲಿಯ ಗೊರಗೊರ? ನಿಮ್ಮ ಗರಗಸಗಳು ಹಂಗೆ ಅನ್ನೋದು ಬಿಟ್ಟು ಎಷ್ಟೋ ದಿನ ಆಯ್ತು. ಬರೀ ಸೀಟಿ. ನನಗೆ ತಲೆನೋವು ಬರ್ತಿತ್ತು."

"ಯಾಕೆ ಹೇಳಲಿಲ್ಲ?"

"ನೀವೇ ಹಿಂಗೆ ಬೇಕು ಅಂತ ಮಾಡ್ತಿದೀರ ಅನ್ಕೊಂಡೆ. ಹೊಸ ನಮೂನೆ ಏನೋ ಅಂತ." ಅವನ ಮುಖ ನೋಡಿ ಅವಳ ಕೈ ಕೆಳಗಿಳಿಯಿತು. "ಯಾಕೆ? ತಮ್ಮನ ಮಿಷಿನ್ನು ಕೂಡ..."

ಅವನು ಆಗಲೇ ಸ್ಕೂಟರಿನ ಕಡೆ ಓಡುತ್ತಿದ್ದ. "ಫೋನ್ ಮಾಡು, ಮಾಡ್ತಾನೇ ಇರು" ಎಂದು ಕೂಗಿದ. ಅವಳು ಮಾಡುತ್ತಲೇ ಇದ್ದಳು. ಫೋನು ಲಾರಿಯ ಸೀಟಿನ ಮೇಲೆ, ಕಳಚಿಟ್ಟ ಅಂಗಿಯ ಜೇಬಿನಲ್ಲಿ ಬಡಿದುಕೊಳ್ಳುತ್ತಿತ್ತು.

ಹೊಳೆಬದಿಯ ರಸ್ತೆಯ ಬಾಯಿಗೆ ಹಗ್ಗ ಅಡ್ಡ ಕಟ್ಟಿದ್ದರು. ಸ್ಕೂಟರನ್ನು ಹಾಗೇ ಕೆಡವಿ ಹಗ್ಗದಡಿ ನುಸುಳಿದ. ಮುಂದೆ, ರಸ್ತೆಗೆ ಕೊಡೆ ಹಿಡಿದ ಹಾಗೆ ವಾಲಿದ ಮರ, ಅದರ ಬುಡದಲ್ಲಿ ಭಾಮೈದನ ಬೆನ್ನು. ಮರ ಬೀಳುವ ಕಡೆಯ ಬಾಯಿ ಕಡಿದು ಮುಗಿದಿತ್ತು. ಬಿಳಿ ತಿರುಳು ಹಲ್ಲಿನ ಹಾಗೆ ಕಾಣುತ್ತಿತ್ತು. ಭಾಮೈದ ಗರಗಸವನ್ನು ಓಡಿಸುತ್ತಲೇ ಎತ್ತಿಕೊಂಡು ಹಿಂದಿನ ಕೊಯ್ಲಿಗೆ ಮರವನ್ನು ಸುತ್ತಿ ಬರುತ್ತಿದ್ದ. ಕಿವಿಗೆ ದಪ್ಪ ಮುಚ್ಚಳ.

ಕೂಗಿದರೆ ಕೇಳಿಸದು. ಓಡುವ ಗರಗಸ ಹಿಡಿದವನ ಹತ್ತಿರ ಹಿಂದಿನಿಂದ ಹೋಗಬಾರದು, ಬೆಚ್ಚಿ ತಿರುಗಿದರೆ ಮುಗಿಯಿತು. ತಂಡದ ಹಗ್ಗದವನು, ರಸ್ತೆ ಕಾಯುವವನು, ಇತ್ತ ನಿಂತಿದ್ದ. ಅವನ ಕೊರಳಲ್ಲಿ ಸೀಟಿ ಇತ್ತು. ಮುಚ್ಚಳವನ್ನೂ ತೂರಿ ಹೋಗುವಷ್ಟು ಚೂಪಾದ ಸೀಟಿ, ಅದಕ್ಕಾಗಿಯೇ ತಂದದ್ದು.

ಶ್ರುತಿಯಣ್ಣ ಅವನ ತೋಳು ಹಿಡಿದ. "ಊದು. ನಿಲ್ಸು ಅನ್ನು."

ಹಗ್ಗದವನು ಸೀಟಿ ಬಾಯಿಗಿಟ್ಟ. ಕೆನ್ನೆ ಉಬ್ಬಿತು.

"ಊದಯ್ಯ."

ಕೆನ್ನೆ ಮತ್ತೆ ಉಬ್ಬಿತು.

"ನಿನ್ನ ಕಾಲು ಹಿಡ್ಕೋತೀನಿ, ಊದೋ ಮಾರಾಯ, ಏನು ಸುಮ್ನೆ ಬಾಯಲ್ಲಿಟ್ಕೊಂಡು ನಿಂತಿದೀಯ."

ಹಗ್ಗದವನು ಸೀಟಿ ತೆಗೆದು ಅವನನ್ನೇ ನೋಡಿದ. "ಊದ್ತಾನೇ ಇದೀನಲ್ಲ ಅಣ್ಣ."

ಶ್ರುತಿಯಣ್ಣ ತಿರುಗಿ ನೋಡಿದ. ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡುತ್ತಿದ್ದ ಜನ ಕಿವಿಗೆ ಬೆರಳಿಟ್ಟುಕೊಂಡಿದ್ದರು. ಮರದ ಬುಡದಲ್ಲಿ ಭಾಮೈದ ಗರಗಸ ನಿಲ್ಲಿಸಿ, ಮುಚ್ಚಳ ಸರಿಸಿ, ಇತ್ತಲೇ ನೋಡುತ್ತಿದ್ದ. ಎಲ್ಲರಿಗೂ ಕೇಳಿಸಿತ್ತು.

ಭಾಮೈದ ನಡೆದು ಬಂದ. "ಏನಾಯ್ತು? ಅಕ್ಕ ಹುಷಾರಾಗಿದಾಳಾ?"

ಶ್ರುತಿಯಣ್ಣ ಗರಗಸವನ್ನು ಕಿತ್ತುಕೊಂಡು ನೆಲದಲ್ಲಿಟ್ಟು, ಬಿಸಿ ಲೆಕ್ಕಿಸದೆ ಪ್ಲಗ್ ಬಿಚ್ಚಿದ. ಕಾಫಿಪುಡಿಯ ಬಣ್ಣದಲ್ಲಿರಬೇಕಾದ ಪ್ಲಗ್ಗಿನ ಮೂತಿ ಸುಣ್ಣದ ಹಾಗೆ ಬೆಳ್ಳಗಿತ್ತು. ಅದರ ಮೇಲೆ ಅಲ್ಲಲ್ಲಿ ಪಾದರಸದಂತೆ ಹೊಳೆಯುವ ಚುಕ್ಕಿಗಳು. ಪಿಸ್ಟನ್ ಕರಗಲು ಶುರುವಾಗಿತ್ತು. ಹಿಂದಿನ ಕೊಯ್ಲಿನ ಅರ್ಧಕ್ಕೆ ಅದು ಕಚ್ಚಿಕೊಳ್ಳುತ್ತಿತ್ತು.

ಅಂಗೈಯಲ್ಲಿ ಪ್ಲಗ್ ಇಟ್ಟು ಭಾಮೈದನ ಮುಂದೆ ಹಿಡಿದ. ಅಂಗೈ ಸುಡುತ್ತಿತ್ತು.

"ನನಗೆ ಕೇಳ್ಸಲ್ಲ" ಎಂದ.

"ಏನು?"

"ಕಿವಿ ಕೇಳ್ಸಲ್ಲ ಕಣೋ. ಆ ಸೀಟಿ ಕೇಳ್ಸಲಿಲ್ಲ. ನಿನ್ನೆ ನೀನು ಕೀರಲು ಅಂತ ಹೇಳಿದ್ಯಲ್ಲ, ಅದೂ ಕೇಳ್ಸಿರಲಿಲ್ಲ."

ಭಾಮೈದ ಪ್ಲಗ್ಗನ್ನು ನೋಡಿದ, ಮರವನ್ನು ನೋಡಿದ. ಅವನಿಗೆ ಅರ್ಥವಾಗುತ್ತ ಹೋದದ್ದು ಅವನ ಕುತ್ತಿಗೆಯ ನರದಲ್ಲಿ ಕಾಣಿಸಿತು. "ಎಷ್ಟು ದಿನದಿಂದ ಗೊತ್ತು ನಿನಗೆ?"

ಶ್ರುತಿಯಣ್ಣ ಪ್ಲಗ್ಗನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಈ ಪ್ರಶ್ನೆ ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು.

"ಬಡಗಿದು, ಡಿಪೋದವಂದು, ಎಲ್ಲ ಸುಟ್ಟಾಗ್ಲೂ ಗೊತ್ತಿತ್ತು. ಅಲ್ವಾ ಭಾವ? ಗೊತ್ತಿದ್ದೂ ನನ್ನ ಕೈಗೆ ಬೆಣ್ಣೆ ಅಂತ ಕೊಟ್ಟೆ." ಅವನು ದನಿ ಏರಿಸಲಿಲ್ಲ. ಅಕ್ಕನ ಮನೆಯಲ್ಲಿ ಬೆಳೆದವನು, ಭಾವನ ಮೇಲೆ ದನಿ ಏರಿಸಿ ಅಭ್ಯಾಸವಿರಲಿಲ್ಲ.

ಬಾಯಿ ಕಡಿದ ಮರವನ್ನು ಹಾಗೇ ಬಿಟ್ಟು ಹೋಗುವಂತಿರಲಿಲ್ಲ. ಗಾಳಿ ಒಂದು ಸಲ ಜೋರಾಗಿ ಬೀಸಿದರೆ ಅದು ತಾನಾಗಿ, ಯಾರ ಮೇಲೋ ಬೀಳುತ್ತಿತ್ತು. ಲಾರಿಯಲ್ಲಿ ಕೊಂಬೆ ಕತ್ತರಿಸುವ ಸಣ್ಣ ಗರಗಸ ಇತ್ತು, ಕಂಪನಿಯಿಂದ ಬಂದ ಹಾಗೇ ಇದ್ದದ್ದು, ಬಾಯಿಗೆ ಬಟ್ಟೆ ಕಟ್ಟಿದ್ದು. ಭಾಮೈದ ಅದನ್ನೂ, ದಿಮ್ಮಿ ಎಳೆಯುವ ದಪ್ಪ ಸರಪಳಿಯನ್ನೂ ಇಳಿಸಿದ. ಕೊಯ್ಲಿನ ಮೇಲೆ ಕಾಂಡಕ್ಕೆ ಸರಪಳಿ ಸುತ್ತಿ ಬಿಗಿದರೆ ಸೀಳು ಮೇಲೇರದೆ ನಿಲ್ಲಬಹುದು. ವೇಗದ ಗರಗಸ ಇದ್ದಾಗ ಆ ಕಷ್ಟವನ್ನು ಯಾರೂ ಪಡುವುದಿಲ್ಲ. ಈಗ ಅವರು ಪಟ್ಟರು. ಶ್ರುತಿಯಣ್ಣ ಸರಪಳಿಯ ತುದಿ ಹಿಡಿಯಲು ಹೋದ.

"ಇವರನ್ನ ಆಚೆ ಕರ್ಕೊಂಡು ಹೋಗು" ಎಂದ ಭಾಮೈದ ಹಗ್ಗದವನಿಗೆ. "ಕೈ ಬಿಡ್ಬೇಡ. ಕೂಗಿದ್ರೆ ಕೇಳ್ಸಲ್ಲ."

ಹಗ್ಗದವನು ಅವನ ತೋಳು ಹಿಡಿದುಕೊಂಡು ದೂರ ನಿಂತ. ಅಲ್ಲಿಂದ ಶ್ರುತಿಯಣ್ಣ ನೋಡಿದ. ಸಣ್ಣ ಗರಗಸ ಆ ದೊಡ್ಡ ಕಾಂಡವನ್ನು ಇಲಿ ಕಡಿದ ಹಾಗೆ ಕಡಿಯುತ್ತಿತ್ತು. ಪುಡಿ ಹಿಟ್ಟಿನಂತೆ ಉದುರುತ್ತಿತ್ತು. ತನ್ನ ಗರಗಸವಾಗಿದ್ದರೆ ಇಷ್ಟು ಹೊತ್ತಿಗೆ ಮುಗಿಯುತ್ತಿತ್ತು ಎಂದು ಅಭ್ಯಾಸಬಲದಿಂದ ಅನ್ನಿಸಿತು. ಮರದ ತುದಿಯ ಎಲೆಗಳು ಅಲುಗಿದವು. ಕೊಯ್ಲು ಇನ್ನೂ ಸಾಕಷ್ಟು ಉಳಿದಿತ್ತು. ಹಗ್ಗದವನ ಬೆರಳು ಅವನ ತೋಳಿನಲ್ಲಿ ಊರಿಕೊಂಡಿತು. ಬಿರುಕಿನ ಸದ್ದು ಅವನಿಗೆ ಕೇಳಿಸಿರಬೇಕು. ಶ್ರುತಿಯಣ್ಣನಿಗೆ ಕಂಡದ್ದು ಕಾಂಡದ ಮೇಲೆ ಕಪ್ಪಗೆ ಏರಿದ ಒಂದು ಗೆರೆ, ಸರಪಳಿಯ ಸುತ್ತ ಚಿಮ್ಮಿದ ತೊಗಟೆಯ ಧೂಳು, ಗರಗಸ ಬಿಟ್ಟು ಓರೆಯಾಗಿ ಹಿಂದಕ್ಕೆ ಓಡಿದ ಭಾಮೈದ. ಆಮೇಲೆ ಮರ. ಅದು ಬಿದ್ದದ್ದು ಅವನಿಗೆ ಅಂಗಾಲಲ್ಲಿ ಗೊತ್ತಾಯಿತು.

ಧೂಳು ಇಳಿದಾಗ ಭಾಮೈದ ಮೊಣಕಾಲಿಗೆ ಕೈಯೂರಿ ನಿಂತಿದ್ದ. ಗೆರೆ ಸರಪಳಿಯವರೆಗೆ ಬಂದು ನಿಂತಿತ್ತು.

ಶ್ರುತಿಯಣ್ಣ ರಸ್ತೆಯ ಮೇಲೆ ಕುಳಿತುಬಿಟ್ಟ. ಬದುಕಿದನಲ್ಲ ಎಂಬ ಸಮಾಧಾನ ಬರುವ ಮೊದಲೇ ಇನ್ನೊಂದು ಯೋಚನೆ ಬಂತು. ಇವನೊಬ್ಬನನ್ನು ನಿಲ್ಲಿಸಿದೆ. ಹೀಗೇ ಮಾಡಿ ಕೊಟ್ಟ ಇನ್ನುಳಿದವು ಎಲ್ಲೆಲ್ಲಿ, ಯಾರ ಕೈಯಲ್ಲಿ, ಯಾವ ಮರದ ನಡುವೆ ಇವೆ?

ಮಾರನೆಯ ದಿನದಿಂದ ಅವನು ಅವುಗಳನ್ನು ಹುಡುಕಿಕೊಂಡು ಹೊರಟ. ಯಾವುದನ್ನೂ ಬರೆದಿಟ್ಟಿರಲಿಲ್ಲ, ಆದರೆ ಬೆರಳಿಗೆ ಎಲ್ಲ ನೆನಪಿತ್ತು. ಹೆಂಡತಿ ಕೆಲಸಕ್ಕೆ ರಜೆ ಹಾಕಿ ಸ್ಕೂಟರಿನ ಹಿಂದೆ ಕೂತಳು. ಒಬ್ಬೊಬ್ಬರ ಮನೆ, ಡಿಪೋ, ಮಿಲ್ಲು. ಅವನು ಮೀಟರ್ ಹಚ್ಚಿ ತಿರುಪು ಬಿಚ್ಚುವನು. ಅವಳು ಪಕ್ಕದಲ್ಲಿ ನಿಂತು ಕೇಳಿ, ಗೊರಗೊರ ಶುರುವಾದ ಕೂಡಲೇ ಅವನ ಬೆನ್ನು ತಟ್ಟುವಳು. ಅವನು ಅಲ್ಲಿಗೂ ನಿಲ್ಲದೆ ಇನ್ನೂ ಸ್ವಲ್ಪ ಬಿಚ್ಚುತ್ತಿದ್ದ. ತನ್ನ ಮೇಲಿದ್ದ ನಂಬಿಕೆ ಪೂರ್ತಿ ಹೋಗಿತ್ತು. ಆಯುಷ್ಯವೆಲ್ಲ ಗರಗಸಗಳಿಗೆ ವೇಗ ತುಂಬಿದವನು ಊರೂರು ತಿರುಗಿ ವೇಗ ಇಳಿಸತೊಡಗಿದ.

"ಎಮ್ಮೆ ಮಾಡಿಬಿಟ್ರಲ್ಲ ಅಣ್ಣ ಇದನ್ನ" ಎಂದು ಗೊಣಗಿದವರಿದ್ದರು. "ನನ್ನದು ಚೆನ್ನಾಗೇ ಇದೆ, ಮುಟ್ಬೇಡಿ" ಎಂದವರ ಮುಂದೆ ಅವನು ಕೈಮುಗಿದು ನಿಂತ. ಪ್ರತಿ ಮನೆಯಲ್ಲೂ ಮೊದಲು ಅದೇ ಮಾತನ್ನು ಹೇಳಬೇಕಾಗುತ್ತಿತ್ತು: "ನನಗೆ ಕಿವಿ ಕೇಳ್ಸಲ್ಲ, ನಾನು ಮಾಡಿದ್ದು ತಪ್ಪಾಗಿದೆ." ಎಷ್ಟು ಸಲ ಹೇಳಿದರೂ ಆ ಮಾತು ನಾಲಗೆಗೆ ರೂಢಿಯಾಗಲಿಲ್ಲ. ಡಿಪೋದವನು ಮಾತ್ರ ಕುರ್ಚಿ ಹಾಕಿ ಕೂರಿಸಿ, ತನ್ನ ಆಳುಗಳನ್ನು ಕರೆದು, ಅವರ ಮುಂದೆ ಇನ್ನೊಂದು ಸಲ ಹೇಳಿಸಿದ. ಅದು ನ್ಯಾಯವೇ ಎಂದು ಶ್ರುತಿಯಣ್ಣ ದಾರಿಯಲ್ಲಿ ಹೆಂಡತಿಗೆ ಹೇಳಿದ. ಅವಳು ಅವನ ಭುಜ ಹಿಡಿದುಕೊಂಡಿದ್ದಳು, ಉತ್ತರ ಕೊಟ್ಟಿದ್ದರೂ ಗಾಳಿಯಲ್ಲಿ ಅವನಿಗೆ ಕೇಳುತ್ತಿರಲಿಲ್ಲ.

ಎಲ್ಲ ಸಿಕ್ಕವು, ಒಂದು ಬಿಟ್ಟು. ಹಿಡಿ ಮುರಿದು ಸೈಕಲ್ ಟ್ಯೂಬು ಸುತ್ತಿದ್ದ ಕೆಂಪು ಗರಗಸ ಅದು. ಅದರ ಯಜಮಾನ ಮಾರಿಬಿಟ್ಟಿದ್ದ. ಕೊಂಡವನು ಇನ್ನೊಬ್ಬನಿಗೆ ಕೊಟ್ಟಿದ್ದ. ಆ ಇನ್ನೊಬ್ಬ, "ಯಾರೋ ದಾರೀಲಿ ಹೋಗೋರು, ಮರ ಕಡಿಯೋ ಗುಂಪಿನವರು ಕೊಂಡ್ಕೊಂಡು ಹೋದ್ರು. ಹೆಸರು ಯಾರು ಕೇಳ್ತಾರೆ" ಎಂದ.

ಅಲ್ಲಿಂದ ಅವನಿಗೆ ನೆಮ್ಮದಿ ಎಂಬುದು ಇರಲಿಲ್ಲ. ಭಾಮೈದ ಒಂದು ತಿಂಗಳು ಆ ಮನೆಗೆ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದು, ತಟ್ಟೆ ಹಾಕಿಕೊಂಡು ಕೂತು, ಯಾವಾಗಲೂ ಬರುತ್ತಿದ್ದವನ ಹಾಗೆ ಉಂಡ. ಭಾವನ ಕಡೆ ತಿರುಗಿ, ತುಟಿ ಓದಲು ಆಗುವಷ್ಟು ನಿಧಾನವಾಗಿ ಹೇಳಿದ: "ಬಿಡು ಭಾವ. ಅದು ಎಂದೋ ಸುಟ್ಟು ಗುಜರಿಗೆ ಹೋಗಿರುತ್ತೆ."

"ಸುಟ್ಟಿದ್ದು ಎಲ್ಲಿ? ನೆಲದ ಮೇಲಿನ ತೊಲೆಯಲ್ಲಾ, ನಿಂತ ಮರದಲ್ಲಾ?"

ಭಾಮೈದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆಯಲು ಎದ್ದ.

ಶೆಡ್ಡಿನ ಕೆಲಸ ನಿಂತಿತ್ತು. ಹಲ್ಲು ಮಸೆಯುವುದಷ್ಟನ್ನು ಮಾಡಿಕೊಡುತ್ತಿದ್ದ, ಅದಕ್ಕೆ ಕಣ್ಣು ಸಾಕು. ಉಳಿದ ದಿನ ಬಸ್ಸು ಹತ್ತುತ್ತಿದ್ದ. ಎಲ್ಲಿ ಮರ ಕಡಿಯುತ್ತಿದ್ದಾರೆ ಎಂದು ಕೇಳಿದರೂ ಹೋಗಿ, ಕೆಂಪು ಗರಗಸ, ಹಿಡಿಗೆ ಟ್ಯೂಬು ಎಂದು ಕೈಯಲ್ಲಿ ಸುತ್ತಿ ತೋರಿಸುತ್ತಿದ್ದ. ಕೆಲವರು ಅವನನ್ನು ಕಳ್ಳಮಾಲು ಹುಡುಕುವವನೆಂದು ಅಟ್ಟಿದರು. ಎದೆನೋವು ಆಗಲೇ ಇತ್ತು, ಡಾಕ್ಟರು ತಿರುಗಾಡಬೇಡಿ ಎಂದಿದ್ದರು. "ಅದೊಂದು ಸಿಗಲಿ" ಎನ್ನುತ್ತಿದ್ದ.

ಕೊನೆಯ ಸಲ ಹೋದದ್ದು ದೂರದ ಒಂದು ಮಿಲ್ಲಿಗೆ. ಅಲ್ಲಿದ್ದದ್ದು ಬೇರೆ ಗರಗಸ. ಹಿಂದಿರುಗುವ ಬಸ್ಸು ನಿಲ್ದಾಣಕ್ಕೆ ಬಂದು ಎಲ್ಲರೂ ಇಳಿದ ಮೇಲೆ ಕಂಡಕ್ಟರು, "ಯಜಮಾನ್ರೆ, ಇಳೀರಿ" ಎಂದು ಮೂರ್ನಾಲ್ಕು ಸಲ ಕೂಗಿದ. ದಿನಾ ಆ ಬಸ್ಸಿಗೆ ಬರುತ್ತಿದ್ದ ಹಣ್ಣಿನವಳು ಬಾಗಿಲಿನಿಂದ ಹೇಳಿದಳು, "ಅವರಿಗೆ ಕಿವಿ ಕೇಳ್ಸಲ್ಲಪ್ಪ, ಮುಟ್ಟಿ ಎಬ್ಬಿಸು." ಕಂಡಕ್ಟರು ಮುಟ್ಟಿದ. ಮೈ ಆಗಲೇ ತಣ್ಣಗಾಗಿತ್ತು.

ಕೆಂಪು ಗರಗಸ ಇನ್ನೂ ಸಿಕ್ಕಿಲ್ಲ. ಭಾಮೈದ ಕೆಲಸಕ್ಕೆ ಹೋದ ಊರಿನಲ್ಲೆಲ್ಲ ವಿಚಾರಿಸುತ್ತಾನೆ. ಹೆಂಡತಿ ಮನೆಯಲ್ಲಿದ್ದಾಗ ಎಲ್ಲಿಂದಾದರೂ ಗರಗಸದ ಸದ್ದು ಬಂದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಮೆಟ್ಟಿಲಿಗೆ ಬಂದು ನಿಲ್ಲುತ್ತಾಳೆ. ಗೊರಗೊರ ಅಂದರೆ ಒಳಗೆ ಹೋಗುತ್ತಾಳೆ. ಸೀಟಿಯ ಹಾಗಿದ್ದರೆ ಚಪ್ಪಲಿ ಮೆಟ್ಟಿಕೊಂಡು ಸದ್ದು ಬಂದ ಕಡೆಗೆ ಹೊರಡುತ್ತಾಳೆ.